ಘಟ್ಟ ಇಳಿಯುವ ಕಾರ್ಟೆನ್ ಉಕ್ಕು

(ಮೈಸೂರಿನಲ್ಲಿ ಫ್ಯಾಬ್ರಿಕೇಶನ್ ಶೆಡ್ಡುಗಳವರು, ವಾಸ್ತುಶಿಲ್ಪಿಗಳು ಮತ್ತು ಸಿವಿಲ್ ಎಂಜಿನಿಯರುಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಕಾರ್ಟೆನ್ ಅಂದರೆ ಮೇಲೆ ಹಿಡಿದ ತುಕ್ಕೇ ಬಿಗಿದು ರಕ್ಷಣೆಯ ಪದರವಾಗುವ ಉಕ್ಕು. ಅದರ ಒಂದೇ ಪ್ಲೇಟಿನಿಂದ ಎರಡು ತುಂಡು ಕತ್ತರಿಸಿಕೊಳ್ಳಿ. ಒಂದನ್ನು ಇಲ್ಲೇ ಮೈಸೂರಿನ ಒಂದು ಕಾಂಪೌಂಡಿಗೆ ಹಾಕಿ. ಇನ್ನೊಂದನ್ನು ಸುರತ್ಕಲ್ಲಿನಲ್ಲಿ, ಅಲೆಯ ಸದ್ದು ಕಿವಿಗೆ ಬೀಳುವಷ್ಟು ಹತ್ತಿರದ ಗೋಡೆಗೆ ಹಾಕಿ. ಮೂರು ವರ್ಷ ಬಿಟ್ಟು ನೋಡಿದರೆ ಇಲ್ಲಿನ ತುಂಡು ಗಾಢ ಕಂದುಬಣ್ಣಕ್ಕೆ ತಿರುಗಿ ಬಿಗಿಯಾಗಿ ನಿಂತಿರುತ್ತದೆ, ಅಂಗೈಯಿಂದ ಉಜ್ಜಿದರೂ ಕೈಗೆ ಹತ್ತುವುದು ಬಹಳ ಕಡಿಮೆ. ಅಲ್ಲಿನ ತುಂಡಿನ ಹಿಂಬದಿಗೆ ಉಗುರು ಹಾಕಿದರೆ, ಹಳೇ ಗೋಡೆಯ ಸುಣ್ಣ ಉದುರುವ ಹಾಗೆ ತುಕ್ಕು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಉಕ್ಕು ಅದೇ, ಕತ್ತರಿಸಿದ ಕೈಯೂ ಅದೇ. ಬದಲಾದದ್ದು ಗಾಳಿ ಮಾತ್ರ.

ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆಯ ಶೆಡ್ಡುಗಳಲ್ಲಿ ಕಾರ್ಟೆನ್ ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿ ಮಂಗಳೂರು, ಉಡುಪಿ, ಕಾರವಾರಕ್ಕೆ ಲಾರಿ ಹತ್ತಿಸುವವರು ನಿಮ್ಮಲ್ಲಿ ಇದ್ದೀರಿ. ಗೇಟು, ಮುಂಭಾಗದ ಪ್ಯಾನೆಲ್ಲು, ಗಿಡದ ತೊಟ್ಟಿ, ಜಗಲಿಯ ಕಂಬ, ಹೀಗೆ. ಆ ಕೆಲಸ ಅಲ್ಲಿ ಬಾಳುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಇಲ್ಲಿ, ನಿಮ್ಮ ಶೆಡ್ಡಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಇವತ್ತು ಮಾತಾಡಬೇಕಾದದ್ದು ಅದರ ಬಗ್ಗೆ.

ಮೊದಲು ಈ ಉಕ್ಕಿನ ಹುಟ್ಟು. ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಕಂಪನಿ 1933ರಲ್ಲಿ ಕಾರ್ಟೆನ್ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮಂಡ್ಯದವರಿಗೆ ನೆನಪಿಟ್ಟುಕೊಳ್ಳಲು ಸುಲಭ, ಮೈಷುಗರ್ ಸಕ್ಕರೆ ಕಂಪನಿ ಶುರುವಾದದ್ದೂ ಅದೇ ವರ್ಷ. ಆಗ ಇದನ್ನು ಬಳಸಿದ್ದು ಅಂದಕ್ಕಲ್ಲ, ಕಲ್ಲಿದ್ದಲು ಸಾಗಿಸುವ ರೈಲ್ವೆ ವ್ಯಾಗನ್ನುಗಳಿಗೆ. ಕಟ್ಟಡದ ಮೇಲೆ ಬಣ್ಣವಿಲ್ಲದೆ ತೋರಿಸುವ ಪದ್ಧತಿ ಬಂದದ್ದು 1960ರ ದಶಕದಲ್ಲಿ, ವಾಸ್ತುಶಿಲ್ಪಿ ಈರೋ ಸಾರಿನೆನ್ ಇಲಿನಾಯ್ ರಾಜ್ಯದ ಮೊಲೀನಿನಲ್ಲಿ ಜಾನ್ ಡಿಯರ್ ಕಂಪನಿಗೆ ರೂಪಿಸಿದ ಕಚೇರಿಯಿಂದ. ನಮ್ಮಲ್ಲಿ ಇದಕ್ಕೆ ಐಎಸ್ 11587 ಎಂಬ ಮಾನಕವಿದೆ, ರೈಲ್ವೆಯವರಿಗೆ ಐಆರ್‌ಎಸ್‌ಎಂ 41 ಎಂಬ ತಮ್ಮದೇ ನಿರ್ದಿಷ್ಟತೆ ಇದೆ. ಅಶೋಕಪುರಂ ರೈಲ್ವೆ ವರ್ಕ್‌ಶಾಪ್ ಇರುವ ಊರಿನಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಹಳೆಯ ಮಾದರಿಯ ಬೋಗಿಗಳ ಮೈ ಕಾರ್ಟೆನ್ ಹಾಳೆಯದು, ಆದರೂ ರೈಲ್ವೆಯವರು ಅದಕ್ಕೆ ಬಣ್ಣ ಹೊಡೆದೇ ಓಡಿಸಿದರು. ಕಾರ್ಟೆನ್ ಅಂದರೆ ಬಣ್ಣ ಬೇಡದ ಉಕ್ಕು ಎಂಬುದು ಅರ್ಧ ಮಾತ್ರ ನಿಜ.

ಒಳಗೆ ಏನಿದೆ? ತೆಳು ಹಾಳೆಗೆ ಬಳಸುವ ಎ ದರ್ಜೆಯಲ್ಲಿ ತಾಮ್ರ ಶೇಕಡಾ 0.25ರಿಂದ 0.55, ರಂಜಕ (ಫಾಸ್ಫರಸ್) 0.07ರಿಂದ 0.15, ಜೊತೆಗೆ ಕ್ರೋಮಿಯಂ, ಸಿಲಿಕಾನ್, ಸ್ವಲ್ಪ ನಿಕ್ಕಲ್. ಸಾಮಾನ್ಯ ಉಕ್ಕಿನಲ್ಲಿ ರಂಜಕ ಇಷ್ಟಿದ್ದರೆ ನಾವು ವಾಪಸ್ ಕಳಿಸುತ್ತೇವೆ, ಇಲ್ಲಿ ಬೇಕೆಂದೇ ಸೇರಿಸಿದ್ದಾರೆ. ಆದ್ದರಿಂದ ಮಾಲು ಕೊಳ್ಳುವಾಗ ಮಿಲ್ ಟೆಸ್ಟ್ ಸರ್ಟಿಫಿಕೇಟ್, ಅಂದರೆ ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರ, ಕೇಳಿ ತಾಮ್ರ, ಕ್ರೋಮಿಯಂ, ರಂಜಕದ ಸಾಲುಗಳನ್ನು ಓದಿ. ತುಕ್ಕು ಹಿಡಿಸಿದ ಎಂ.ಎಸ್., ಅಂದರೆ ಸಾಮಾನ್ಯ ಉಕ್ಕಿನ ಹಾಳೆಯೂ ಮೊದಲ ಆರು ತಿಂಗಳು ನೋಡಲು ಕಾರ್ಟೆನ್ ತರಹವೇ ಇರುತ್ತದೆ.

ಈಗ ಪದರದ ವಿಷಯ. ಮಳೆ ಬಿದ್ದಾಗ ಇದೂ ಎಲ್ಲ ಉಕ್ಕಿನಂತೆ ತುಕ್ಕು ಹಿಡಿಯುತ್ತದೆ. ಒಣಗಿದಾಗ ಆ ತುಕ್ಕು ಬಿಗಿಯುತ್ತದೆ. ಮತ್ತೆ ನೆನೆದು ಮತ್ತೆ ಒಣಗಿದಾಗ ಇನ್ನಷ್ಟು ಬಿಗಿಯುತ್ತದೆ. ಹೀಗೆ ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ ಉಕ್ಕಿಗೆ ಹತ್ತಿದ ಒಳಪದರ ಗೋಥೈಟ್ ಎಂಬ ಬಹಳ ಸಣ್ಣ ಕಣಗಳ, ದಟ್ಟವಾದ ತುಕ್ಕಾಗುತ್ತದೆ. ತಾಮ್ರ, ಕ್ರೋಮಿಯಂ, ರಂಜಕ ಸೇರಿ ಆ ಕಣಗಳನ್ನು ಸಣ್ಣದಾಗಿಡುತ್ತವೆ. ನೀರು ಮತ್ತು ಆಮ್ಲಜನಕ ಒಳಗೆ ಇಳಿಯುವ ದಾರಿ ಕಿರಿದಾಗಿ ತುಕ್ಕಿನ ವೇಗ ಇಳಿಯುತ್ತದೆ. ನಿಲ್ಲುವುದಿಲ್ಲ, ಇಳಿಯುತ್ತದೆ. ಇಲ್ಲಿ ನೆನೆಯುವುದಕ್ಕಿಂತ ಒಣಗುವುದೇ ಮುಖ್ಯ. ಮೈಸೂರು, ಮಂಡ್ಯದ ಹವೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಮಳೆ ಬರುತ್ತದೆ, ಹೋಗುತ್ತದೆ, ಬಿಸಿಲು ಕಾಯುತ್ತದೆ.

ಕಡಲ ತೀರದಲ್ಲಿ ಒಣಗುವುದೇ ಇಲ್ಲ. ಮಳೆಯಿಲ್ಲದ ಫೆಬ್ರವರಿಯಲ್ಲೂ ಒಣಗುವುದಿಲ್ಲ. ಯಾಕೆ ಅನ್ನುವುದು ನಿಮ್ಮ ಅಡುಗೆಮನೆಯಲ್ಲೇ ಇದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಜಾಡಿಯ ಮುಚ್ಚಳ ಸಡಿಲವಾಗಿದ್ದರೆ ಏನಾಗುತ್ತದೆ? ಯಾರೂ ನೀರು ಹಾಕಿರುವುದಿಲ್ಲ, ಉಪ್ಪು ತಾನೇ ನೀರೊಡೆದು ತಳದಲ್ಲಿ ನಿಂತಿರುತ್ತದೆ. ಶುದ್ಧ ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಿದೊಡನೆ ಹೀಗೆ ನೀರೊಡೆಯುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇದೆ, ಅದಕ್ಕೆ ಶೇಕಡಾ 33ರಷ್ಟು ತೇವ ಇದ್ದರೂ ಸಾಕು. ಪುಡಿಯುಪ್ಪಿಗಿಂತ ಕಲ್ಲುಪ್ಪು ಬೇಗ ಜೌಗುವುದೂ ಇದೇ ಕಾರಣಕ್ಕೆ. ಈ ಜಾಡಿಯ ಉಪ್ಪನ್ನು ತೆಳ್ಳಗೆ ಪ್ಲೇಟಿನ ಮೇಲೆ ಸವರಿದ ಹಾಗೆ ಊಹಿಸಿಕೊಳ್ಳಿ. ಕರಾವಳಿಯಲ್ಲಿ ಪ್ಲೇಟಿನ ಮೈ ಕಣ್ಣಿಗೆ ಒಣಗಿದಂತೆ ಕಂಡರೂ ತುಕ್ಕಿನ ರಂಧ್ರಗಳೊಳಗೆ ಉಪ್ಪುನೀರು ಹಗಲೂ ರಾತ್ರಿ ಇರುತ್ತದೆ. ಅಲ್ಲಿ ದಟ್ಟವಾದ ಗೋಥೈಟಿನ ಬದಲು ಅಕಗನೈಟ್ ಎಂಬ ಬೇರೆ ಬಗೆಯ ತುಕ್ಕು ಹುಟ್ಟುತ್ತದೆ. ಅದು ಉಪ್ಪಿನಲ್ಲಿರುವ ಕ್ಲೋರೈಡನ್ನು ತನ್ನ ಹರಳಿನೊಳಗೇ ಹಿಡಿದಿಟ್ಟುಕೊಂಡು ಉಕ್ಕಿಗೆ ಉಣಿಸುತ್ತಲೇ ಇರುತ್ತದೆ. ಪದರ ಸಡಿಲವಾಗುತ್ತದೆ, ಚಕ್ಕೆ ಏಳುತ್ತದೆ, ಕೆಳಗೆ ಹೊಸ ಉಕ್ಕು ತೆರೆದುಕೊಳ್ಳುತ್ತದೆ, ಮತ್ತೆ ಅದೇ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಮಳೆಗೆ ಮೈಯೊಡ್ಡಿದ ಭಾಗ ಮೊದಲು ಹಾಳಾಗುತ್ತದೆ, ಸೂರಿನ ಕೆಳಗಿನದು ಉಳಿಯುತ್ತದೆ ಎಂದು ಮನಸ್ಸು ಹೇಳುತ್ತದೆ. ಕಾರ್ಟೆನ್ ವಿಷಯದಲ್ಲಿ ಆಗುವುದು ತದ್ವಿರುದ್ಧ. ಮಳೆಗೆ ನಿಂತ ಮುಖದಿಂದ ಉಪ್ಪು ತೊಳೆದು ಹೋಗುತ್ತದೆ. ಸೂರಿನ ಅಡಿ, ತೊಲೆಯ ಕೆಳಚಾಚಿನ ಮೇಲ್ಮೈ, ಪ್ಯಾನೆಲ್ಲಿನ ಹಿಂಬದಿ, ಇಲ್ಲೆಲ್ಲ ಗಾಳಿ ಉಪ್ಪು ತಂದು ಕೂರಿಸುತ್ತದೆ, ಮಳೆ ತಲುಪುವುದಿಲ್ಲ. ಕರಾವಳಿಯ ಕೆಲಸ ನೋಡಲು ಹೋದರೆ ಮುಂಭಾಗದ ಫೋಟೋ ತೆಗೆದು ವಾಪಸ್ ಬರಬೇಡಿ, ಬಗ್ಗಿ ಅಡಿಭಾಗ ನೋಡಿ.

ಎಷ್ಟು ದೂರ ಸುರಕ್ಷಿತ? ಬ್ರಿಟನ್ನಿನ ಸೇತುವೆ ಮಾರ್ಗದರ್ಶಿಗಳ ಪ್ರಕಾರ ತೀರದಿಂದ 2 ಕಿಲೋಮೀಟರಿನೊಳಗೆ ಬಣ್ಣವಿಲ್ಲದ ಕಾರ್ಟೆನ್ ಬೇಡ, ಗಾಳಿಯ ಕ್ಲೋರೈಡ್ ಅಳೆದು ಅದು ಎಸ್2 ವರ್ಗದೊಳಗೆ, ಅಂದರೆ ದಿನಕ್ಕೆ ಚದರ ಮೀಟರಿಗೆ 300 ಮಿಲಿಗ್ರಾಂ ಮೀರುವುದಿಲ್ಲ ಎಂದು ಖಚಿತವಾದರೆ ಮಾತ್ರ ಆಗಬಹುದು. ಜಪಾನಿನವರು ಇನ್ನೂ ಬಿಗಿ. ದಿನಕ್ಕೆ ಚದರ ಡೆಸಿಮೀಟರಿಗೆ 0.05 ಮಿಲಿಗ್ರಾಂ ಉಪ್ಪು ಅವರ ಮಿತಿ, ಚದರ ಮೀಟರಿಗೆ ಲೆಕ್ಕ ಹಾಕಿದರೆ 5 ಮಿಲಿಗ್ರಾಂ. ಎರಡೂ ಕಡೆ ಅಳೆಯುವ ವಿಧಾನ ಬೇರೆ, ಹಾಗಾಗಿ ಅಂಕಿಗಳನ್ನು ನೇರವಾಗಿ ಪಕ್ಕಪಕ್ಕ ಇಡಬೇಡಿ. ಜಪಾನಿನ ಪಾಠ ಬೇರೆಯೇ ಇದೆ. ಶಾಂತವಾದ ಒಳಸಮುದ್ರದ ಕರೆಯಲ್ಲಿ 1 ಕಿಲೋಮೀಟರ್ ಸಾಕು ಎನ್ನುವ ಅವರೇ, ಚಳಿಗಾಲದ ಗಾಳಿ ನೇರ ಬಡಿಯುವ ಜಪಾನ್ ಸಮುದ್ರದ ಉತ್ತರ ಭಾಗದಲ್ಲಿ 20 ಕಿಲೋಮೀಟರ್ ಬಿಡಿ ಎನ್ನುತ್ತಾರೆ. ದೂರವೊಂದೇ ನಿರ್ಧರಿಸುವುದಿಲ್ಲ. ಅಲೆ ಒಡೆಯುವ ತೀರವೋ, ಗಾಳಿಯ ಮುಖ ಯಾವುದು, ನಡುವೆ ಗುಡ್ಡ ತೋಪು ಇದೆಯೋ, ಇವೆಲ್ಲ ಸೇರಬೇಕು. ನಮ್ಮ ಕರಾವಳಿಗೆ ಗಾಳಿ ಪಶ್ಚಿಮದಿಂದ ಬರುತ್ತದೆ, ಹಾಗಾಗಿ ಒಂದೇ ಕಟ್ಟಡದ ಪಡುವಣ ಗೋಡೆಗೂ ಮೂಡಣ ಗೋಡೆಗೂ ವ್ಯತ್ಯಾಸ ಇರುತ್ತದೆ. ಅಳೆಯುವ ಸಲಕರಣೆ ಇಲ್ಲದಿದ್ದರೆ ಜಾಗದ ಸುತ್ತ ಒಂದು ಸುತ್ತು ಹಾಕಿ. ಅಕ್ಕಪಕ್ಕದ ಕಿಟಕಿಯ ಗ್ರಿಲ್ಲು, ಎ.ಸಿ.ಯ ಹೊರಘಟಕದ ಬ್ರಾಕೆಟ್ಟು, ಜಿ.ಐ. ಶೀಟಿನ ಮೊಳೆ ಎಷ್ಟು ವರ್ಷದ್ದು, ಹೇಗಿದೆ ಎಂದು ಅಲ್ಲಿನವರನ್ನು ಕೇಳಿ. ಐದೇ ವರ್ಷದ ಗ್ರಿಲ್ಲು ತಿಂದುಹೋಗಿದ್ದರೆ ಅಲ್ಲಿ ಬರಿಮೈ ಕಾರ್ಟೆನ್ನಿನ ಮಾತೇ ಬೇಡ.

ದೊಡ್ಡ ಉದಾಹರಣೆ ಬೇಕೆಂದರೆ ಹವಾಯಿಯ ಹೊನೊಲುಲುವಿನ ಅಲೋಹಾ ಸ್ಟೇಡಿಯಂ ಇದೆ. 1975ರಲ್ಲಿ ತೆರೆದ ಕ್ರೀಡಾಂಗಣ, ಕಾರ್ಟೆನ್ ಬಗೆಯ ಉಕ್ಕಿನದು. ರಕ್ಷಣೆಯ ಪದರ ತಾನೇ ಕಟ್ಟಿಕೊಳ್ಳುತ್ತದೆ ಎಂದು ನಂಬಿದ್ದರು, ಕಡಲ ಗಾಳಿ ಅದನ್ನು ಕಟ್ಟಲು ಬಿಡಲಿಲ್ಲ. ದಶಕಗಳ ಕಾಲ ದುರಸ್ತಿಗೆ ಹಣ ಸುರಿದರು, ಕೊನೆಗೆ 2020ರಲ್ಲಿ ಪ್ರೇಕ್ಷಕರಿಗೆ ಮುಚ್ಚಿದರು. ಅದೇ ಉಕ್ಕಿನ ನ್ಯೂ ರಿವರ್ ಗಾರ್ಜ್ ಸೇತುವೆ 1977ರದು, ಕಡಲಿಲ್ಲದ ವೆಸ್ಟ್ ವರ್ಜೀನಿಯಾದ ಕಣಿವೆಯಲ್ಲಿ ಬಣ್ಣವಿಲ್ಲದೆ ನಿಂತಿದೆ.

ಹಾಳೆಯ ದಪ್ಪದ ಒಂದು ಲೆಕ್ಕ ನಿಮ್ಮ ಮುಂದಿಡುತ್ತೇನೆ. ಹೆಚ್ಚು ತುಕ್ಕಿನ ವಾತಾವರಣದಲ್ಲಿ ಸೇತುವೆ ವಿನ್ಯಾಸ ಮಾಡುವಾಗ 120 ವರ್ಷದ ಬಾಳಿಕೆಗೆ ಪ್ರತಿ ಮುಖಕ್ಕೆ 1.5 ಮಿಲಿಮೀಟರ್ ಸವೆತಕ್ಕೆಂದು ಹೆಚ್ಚುವರಿ ದಪ್ಪ ಬಿಡುವ ರೂಢಿ ಬ್ರಿಟನ್ನಿನಲ್ಲಿದೆ. 20 ಮಿಲಿಮೀಟರಿನ ಪ್ಲೇಟಿಗೆ ಅದು ದೊಡ್ಡದಲ್ಲ. ನಿಮ್ಮ ಮುಂಭಾಗದ ಪ್ಯಾನೆಲ್ಲು 2 ಅಥವಾ 3 ಮಿಲಿಮೀಟರಿನದು, ಎರಡು ಮುಖ ಸೇರಿದರೆ 3 ಮಿಲಿಮೀಟರ್ ಆಯಿತು, ಹಾಳೆಯೇ ಮುಗಿಯಿತು. ಅದೂ ಪದರ ಸರಿಯಾಗಿ ಕಟ್ಟಿಕೊಳ್ಳುವ ಜಾಗದ ಲೆಕ್ಕ. ಕಡಲ ತೀರದಲ್ಲಿ ಅಷ್ಟು ವರ್ಷ ಕಾಯಬೇಕಾಗಿಯೇ ಇಲ್ಲ.

ಈಗ ಶೆಡ್ಡಿನೊಳಗೆ ಬರೋಣ. ಹೊಸ ಪ್ಲೇಟಿನ ಮೇಲೆ ನೀಲಿಗಪ್ಪು ಮಿಲ್ ಸ್ಕೇಲ್, ಅಂದರೆ ಕಾರ್ಖಾನೆಯಲ್ಲಿ ಕಾಯಿಸಿದಾಗ ಹತ್ತಿದ ಆಕ್ಸೈಡಿನ ಪೊರೆ, ಇರುತ್ತದೆ. ಅದನ್ನು ತೆಗೆಯದೆ ಹೊರಗಿಟ್ಟರೆ ತುಕ್ಕು ಮಚ್ಚೆ ಮಚ್ಚೆಯಾಗಿ ಬರುತ್ತದೆ. ತೆಗೆಯಲು ಕೆಲವರು ಮ್ಯುರಿಯಾಟಿಕ್ ಆಸಿಡ್ ಸುರಿಯುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ, ಅಂದರೆ ಕ್ಲೋರೈಡ್. ಗ್ರಾಹಕನಿಗೆ ಬೇಗ ಕೆಂಪು ಬಣ್ಣ ತೋರಿಸಬೇಕೆಂದು ಹೈಡ್ರೋಜನ್ ಪೆರಾಕ್ಸೈಡ್, ವಿನೆಗರ್ ಮತ್ತು ಅಡುಗೆ ಉಪ್ಪು ಬೆರೆಸಿ ಸಿಂಪಡಿಸುವ ಪಾಕ ಎಲ್ಲ ಕಡೆ ಹರಿದಾಡುತ್ತಿದೆ. ಎರಡು ತಾಸಿನಲ್ಲಿ ಚೆಂದದ ಕಿತ್ತಳೆ ಬಣ್ಣ ಬರುತ್ತದೆ, ನಿಜ. ಅದು ಬರುವುದೇ ಉಪ್ಪಿನಿಂದ. ಆ ಉಪ್ಪು ತುಕ್ಕಿನ ಅಡಿಯಲ್ಲಿ ಸಿಕ್ಕಿಕೊಂಡು ನಿಮ್ಮ ಪ್ಯಾನೆಲ್ಲಿನ ಜೊತೆಯಲ್ಲೇ ಘಟ್ಟ ಇಳಿಯುತ್ತದೆ. ಕಡಲು ಮಾಡಬೇಕಿದ್ದ ಕೇಡನ್ನು ನಾವೇ ಇಲ್ಲಿಂದ ಕಟ್ಟಿ ಕಳಿಸಿದ ಹಾಗೆ. ದಯವಿಟ್ಟು ಎರಡನ್ನೂ ಬಿಡಿ. ಗ್ರಿಟ್ ಬ್ಲಾಸ್ಟಿಂಗ್ (ಗಡಸು ಕಾಳುಗಳನ್ನು ಗಾಳಿಯ ಒತ್ತಡದಲ್ಲಿ ಬಡಿದು ಮೈ ಶುಚಿ ಮಾಡುವುದು) ಮಾಡಿಸಿ, ನಂತರ ಬೆಳಿಗ್ಗೆ ಸಂಜೆ ಸಿಹಿನೀರು ತೆಳುವಾಗಿ ಸಿಂಪಡಿಸಿ ಒಣಗಲು ಬಿಡಿ. ಬೋರ್‌ವೆಲ್ ನೀರು ಬಾಯಿಗೆ ಉಪ್ಪು ಹತ್ತುವಂಥದ್ದಾದರೆ ಅದೂ ಬೇಡ, ಕಾವೇರಿ ನೀರು ಹಿಡಿದಿಟ್ಟುಕೊಳ್ಳಿ. ಬಣ್ಣ ಬರಲು ವಾರಗಳು ಬೇಕು, ಆ ವಾರಗಳನ್ನು ಕೊಟೇಶನ್ನಿನಲ್ಲೇ ಬರೆದುಬಿಡಿ.

ಪಾರದರ್ಶಕ ಲ್ಯಾಕರ್ ಹೊಡೆದರೆ ಬಣ್ಣ ಹಾಗೇ ಉಳಿಯುವುದಿಲ್ಲವೇ ಎಂದು ಕೇಳುತ್ತಾರೆ. ಕಟ್ಟಡದ ಒಳಗಾದರೆ ಉಳಿಯುತ್ತದೆ. ಹೊರಗೆ, ಅದರಲ್ಲೂ ಕಡಲ ಹತ್ತಿರ, ಬೇಡ. ಬಿಸಿಲಿನ ನೇರಳಾತೀತ ಕಿರಣ ಅದನ್ನು ಕೆಲವೇ ವರ್ಷಗಳಲ್ಲಿ ಒಡೆಯುತ್ತದೆ, ಬಿರುಕಿನಲ್ಲಿ ನೀರು ನುಗ್ಗಿ ಹೊರಬರಲಾಗದೆ ಕೂರುತ್ತದೆ, ಲ್ಯಾಕರ್ ಬಿಳಿಚಿಕೊಂಡು ಏಳುತ್ತದೆ. ಮತ್ತೆ ಹೊಡೆಯಬೇಕೆಂದರೆ ಪೂರ್ತಿ ಕಿತ್ತೇ ಹೊಡೆಯಬೇಕು.

ಕಡಲ ಹತ್ತಿರ ನಂಬಬಹುದಾದದ್ದು ಸರಿಯಾದ ಬಣ್ಣದ ವ್ಯವಸ್ಥೆ. ಮೊದಲು ಕತ್ತರಿಸಿದ ಅಂಚುಗಳನ್ನೆಲ್ಲ ಗ್ರೈಂಡರಿನಿಂದ 2 ಮಿಲಿಮೀಟರ್ ತ್ರಿಜ್ಯಕ್ಕೆ ಗುಂಡಾಗಿಸಿ. ಚೂಪು ಅಂಚಿನಿಂದ ಹಸಿ ಬಣ್ಣ ಹಿಂದೆ ಸರಿಯುತ್ತದೆ, ಅಲ್ಲಿ ಪದರ ತೆಳುವಾಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ವೆಲ್ಡಿನ ಸಿಡಿಗಳನ್ನು ಕೆರೆಯಿರಿ. ಎಣ್ಣೆ, ಗ್ರೀಸು ಡಿಟರ್ಜೆಂಟಿನಿಂದ ತೊಳೆದು ಸಿಹಿನೀರು ಹರಿಸಿ. ಬ್ಲಾಸ್ಟಿಂಗಿಗೆ ಮೊದಲು ತೊಳೆಯಬೇಕು. ತೊಳೆಯದೆ ಬ್ಲಾಸ್ಟ್ ಮಾಡಿದರೆ ಎಣ್ಣೆಯನ್ನೂ ಉಪ್ಪನ್ನೂ ಉಕ್ಕಿನೊಳಕ್ಕೆ ಬಡಿದ ಹಾಗಾಗುತ್ತದೆ. ನಂತರ ಎಸ್‌ಎ 2½ ಮಟ್ಟಕ್ಕೆ, ಅಂದರೆ ಮೈ ಬಹುತೇಕ ಬರಿ ಲೋಹವಾಗುವಷ್ಟು, ಬ್ಲಾಸ್ಟಿಂಗ್, ಮೈಯ ಒರಟುತನ 50ರಿಂದ 75 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಗಾಳಿಯ ತೇವ ಶೇಕಡಾ 85ಕ್ಕಿಂತ ಕೆಳಗಿರಬೇಕು, ಉಕ್ಕಿನ ತಾಪ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ನೀರಾಗಿ ಕೂರುವ ತಾಪಕ್ಕಿಂತ, ಕನಿಷ್ಠ 3 ಡಿಗ್ರಿ ಮೇಲಿರಬೇಕು. ನಾಲ್ಕು ತಾಸಿನೊಳಗೆ ಪ್ರೈಮರ್ ಬೀಳಬೇಕು.

ಪ್ರೈಮರ್ ಸತು ಹೆಚ್ಚಿರುವ ಎಪಾಕ್ಸಿ, ಒಣಗಿದ ಮೇಲೆ 60ರಿಂದ 75 ಮೈಕ್ರಾನ್. ಅದರ ಮೇಲೆ ಅಂಚು, ವೆಲ್ಡು, ಬೋಲ್ಟಿನ ತೂತುಗಳಿಗೆ ಬ್ರಶ್ಶಿನಿಂದ ಒಂದು ಪ್ರತ್ಯೇಕ ಕೈ. ಸ್ಪ್ರೇ ಗನ್ನಿನ ಮೇಲೆ ಭರವಸೆ ಇಟ್ಟು ಇದನ್ನು ಬಿಡಬೇಡಿ, ಮೂಲೆಗಳು ಉಳಿಯುವುದು ಈ ಒಂದು ಕೈಯಿಂದ. ನಡುವಿನ ಪದರ ಅಭ್ರಕದಂತೆ ಹಾಳೆಹಾಳೆಯಾದ ಕಬ್ಬಿಣದ ಆಕ್ಸೈಡ್ ಇರುವ ಎಪಾಕ್ಸಿ, 150ರಿಂದ 180 ಮೈಕ್ರಾನ್. ಮೇಲೆ ಪಾಲಿಯೂರಿಥೇನ್ 60ರಿಂದ 80. ಎಪಾಕ್ಸಿ ಬಿಸಿಲಿಗೆ ಸುಣ್ಣದ ಹಾಗೆ ಪುಡಿಯೇಳುತ್ತದೆ, ಅದಕ್ಕೇ ಪಾಲಿಯೂರಿಥೇನ್. ಒಟ್ಟು 300 ಮೈಕ್ರಾನ್ ಆಸುಪಾಸು. ಕಾರ್ಟೆನ್ನಿನ ನೋಟವೇ ಬೇಕೆಂದರೆ ಮ್ಯಾಟ್ ಕಂದು ಛಾಯೆಗಳು ಸಿಗುತ್ತವೆ. ಹೇಗಿದ್ದರೂ ಪೂರ್ತಿ ಬಣ್ಣ ಹೊಡೆಯುವುದೇ ಆದರೆ ಕಡಲಂಚಿನಲ್ಲಿ ಕಾರ್ಟೆನ್ನಿಗೆ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಒಳನಾಡಿನಲ್ಲಿ ಬಣ್ಣ ಗೀರಿದ ಕಡೆ ಕಾರ್ಟೆನ್ನಿನ ತುಕ್ಕು ಬಣ್ಣದಡಿ ನಿಧಾನವಾಗಿ ಹರಡುತ್ತದೆ ಎಂಬ ಲಾಭವಿದೆ, ಉಪ್ಪಿನಲ್ಲಿ ಆ ಲಾಭ ಕರಗುತ್ತದೆ. ಐಎಸ್ 2062ರ ಸಾಮಾನ್ಯ ಉಕ್ಕನ್ನು ಬಿಸಿ ಸತುವಿನಲ್ಲಿ ಅದ್ದಿಸಿ, ಮೇಲೆ ತುಕ್ಕುಬಣ್ಣದ ಪೇಂಟ್ ಹೊಡೆಯುವುದು ಗ್ರಾಹಕನಿಗೆ ಹೆಚ್ಚು ಪ್ರಾಮಾಣಿಕವಾದ ಸಲಹೆ. ಜಪಾನಿನಲ್ಲಿ ಶೇಕಡಾ 3ರಷ್ಟು ನಿಕ್ಕಲ್ ಸೇರಿಸಿದ, ಉಪ್ಪು ಹೆಚ್ಚು ತಡೆಯುವ ಕಾರ್ಟೆನ್ನನ್ನು ಸೇತುವೆಗಳಿಗೆಂದು ಮಾಡಿದ್ದಾರೆ. ನೀವು ಇಲ್ಲಿ ಕೊಳ್ಳುವ ಹಾಳೆ ಅದಲ್ಲ.

ಬಣ್ಣ ಮುಗಿದ ಮೇಲೆ ಲಾರಿ. ಮಡಿಕೇರಿ, ಸಂಪಾಜೆ ದಾರಿಯಾಗಿ ಜುಲೈನಲ್ಲಿ ಹೋಗುವ ಮಾಲನ್ನು ಬರಿ ಬ್ಲಾಸ್ಟ್ ಮಾಡಿ ಹತ್ತಿಸಬೇಡಿ, ಕನಿಷ್ಠ ನಡುವಿನ ಪದರದವರೆಗೆ ಇಲ್ಲೇ ಮುಗಿಸಿ. ಸರಪಳಿ ಉಜ್ಜುವ ಕಡೆ ರಬ್ಬರ್ ಇಡಿ. ಕೂರಿಸುವ ಜಾಗದಲ್ಲಿ ವೆಲ್ಡ್ ಮಾಡುವುದು ಹೆಚ್ಚಿದಷ್ಟೂ ಕೆಟ್ಟದ್ದು, ಜೋಡಣೆಯನ್ನು ಬೋಲ್ಟಿಗೆ ಬದಲಾಯಿಸಿ.

ತೀರದಿಂದ ದೂರ, ಒಳಗಿನ ಊರುಗಳಲ್ಲಿ ಬರಿಮೈ ಬಿಡಬಹುದಾದ ಕೆಲಸಗಳೂ ಇವೆ. ಅಲ್ಲಿ ಉಳಿಸುವುದು ವಿನ್ಯಾಸ. ನೀರು ನಿಲ್ಲುವ ಒಂದು ಜಾಗವೂ ಇರಬಾರದು. ಮೇಲ್ಮುಖವಾಗಿ ತೆರೆದ ಚಾನೆಲ್ಲನ್ನು ಕೆಳಮುಖ ಮಾಡಿ, ಆಗದಿದ್ದರೆ ತಳದಲ್ಲಿ ತೂತು ಕೊಡಿ, ತೂತು ಎಲೆ ಕಸಕ್ಕೆ ಮುಚ್ಚದಷ್ಟು ದೊಡ್ಡದಿರಲಿ. ಪ್ಯಾನೆಲ್ಲಿನ ಹಿಂದೆ ಗಾಳಿಯಾಡುವ, ಪೈಪಿನ ನೀರು ತಲುಪುವ ಸಂದು ಇರಲಿ. ಎರಡು ಪ್ಲೇಟು ಒಂದರ ಮೇಲೊಂದು ಕೂರುವ ಕಡೆ ಬೋಲ್ಟುಗಳ ನಡುವಿನ ಅಂತರ ತೆಳು ಪ್ಲೇಟಿನ ದಪ್ಪದ 14 ಪಟ್ಟು ಮೀರಬಾರದು, ಅಂಚಿನಿಂದ 8 ಪಟ್ಟು ಮೀರಬಾರದು. ಮೀರಿದರೆ ಸಂದಿನಲ್ಲಿ ತುಕ್ಕು ಉಬ್ಬಿ ಪ್ಲೇಟನ್ನೇ ಬಗ್ಗಿಸುತ್ತದೆ, ಬೋಲ್ಟನ್ನೂ ಕಿತ್ತುಹಾಕಬಲ್ಲದು. ಸತು ಲೇಪಿಸಿದ ಬೋಲ್ಟು ಬೇಡ, ದೊಡ್ಡ ಪ್ಲೇಟಿನ ಎದುರು ಆ ಚೂರು ಸತು ಬೇಗ ಕರಗಿ ಮುಗಿಯುತ್ತದೆ. ಕಾರ್ಟೆನ್ ಜಾತಿಯದೇ ಬೋಲ್ಟು ಒಳ್ಳೆಯದು. ದೊಡ್ಡ ಕಾರ್ಟೆನ್ ಪ್ಯಾನೆಲ್ಲಿಗೆ ಸಣ್ಣ ಸ್ಟೇನ್‌ಲೆಸ್ ಬೋಲ್ಟು ನಡೆಯುತ್ತದೆ, ಇದರ ತಿರುವುಮುರುವು ನಡೆಯುವುದಿಲ್ಲ. ಒಂದೇ ಸುತ್ತಿನ ಸಣ್ಣ ವೆಲ್ಡಿಗೆ ಸಾಮಾನ್ಯ ಉಕ್ಕಿಗೆ ಬಳಸುವ 7018 ವೆಲ್ಡಿಂಗ್ ರಾಡು ಸಾಕು, ಮೂಲ ಲೋಹ ಕರಗಿ ಬೆರೆಯುತ್ತದೆ. ಹಲವು ಸುತ್ತಿನ ವೆಲ್ಡಿನಲ್ಲಿ ಕೊನೆಯ ಸುತ್ತಾದರೂ ತಾಮ್ರ, ನಿಕ್ಕಲ್ ಇರುವ ರಾಡಿನದಾಗಿರಲಿ. ಮಣ್ಣಿನಲ್ಲಿ ಹೂತ ಭಾಗ, ಗಿಡದ ತೊಟ್ಟಿಯ ಒಳಮೈ, ಕಂಬ ನೆಲಕ್ಕೆ ಸೇರುವ ಜಾಗ, ಇವು ಎಂದೂ ಒಣಗುವುದಿಲ್ಲ. ಅಲ್ಲಿ ಕಾರ್ಟೆನ್ನೂ ಎಂ.ಎಸ್. ಕೂಡ ಒಂದೇ. ನೆಲದಿಂದ ಒಂದು ಗೇಣು ಮೇಲಿನವರೆಗೆ ದಪ್ಪ ಎಪಾಕ್ಸಿ ಹೊಡೆಯಿರಿ.

ಹಾಕಿದ ಮೇಲೆ ತೊಳೆಯಬೇಕು. ಅಕ್ಟೋಬರಿನಿಂದ ಮೇ ತನಕ ಉಪ್ಪು ಕೂರುತ್ತಲೇ ಇರುತ್ತದೆ, ತೊಳೆಯುವಷ್ಟು ಮಳೆ ಬಹುಪಾಲು ಇರುವುದಿಲ್ಲ. ತೋಟದ ಪೈಪಿನಲ್ಲಿ ಸಿಹಿನೀರು ಹಿಡಿದು ಅಡಿಭಾಗ, ಹಿಂಬದಿಗಳನ್ನು ತಿಂಗಳಿಗೊಮ್ಮೆ ತೊಳೆಯಲು ಮಾಲೀಕರಿಗೆ ಬರೆದುಕೊಡಿ. ಹೆಚ್ಚಿನ ಒತ್ತಡದ ಯಂತ್ರ ಬೇಡ, ಬಿಗಿದ ಪದರವನ್ನೂ ಅದು ಕೀಳುತ್ತದೆ.

ಪದರ ಹೇಗಿದೆ ಎಂದು ತಿಳಿಯಲು ಅಂಟುಪಟ್ಟಿ ಸಾಕು. ಸೆಲೋಫೇನ್ ಟೇಪನ್ನು ಗಟ್ಟಿಯಾಗಿ ಒತ್ತಿ ಕಿತ್ತು, ಬಿಳಿ ಹಾಳೆಗೆ ಅಂಟಿಸಿ, ತಾರೀಕು ಬರೆದಿಡಿ. ಬಂದ ಕಣಗಳು ಸುಮಾರು 1 ಮಿಲಿಮೀಟರಿನವು, ಒಂದೇ ಸಮ ಇದ್ದರೆ ಪದರ ಚೆನ್ನಾಗಿದೆ. 5 ಮಿಲಿಮೀಟರ್ ದಾಟಿದ ಚಕ್ಕೆಗಳು ಬಂದರೆ ಎಚ್ಚರ. 25 ದಾಟಿ ಹಾಳೆಹಾಳೆಯಾಗಿ ಎದ್ದರೆ ಕೈಮೀರಿದೆ. ಬಣ್ಣದ ದಪ್ಪ ಅಳೆಯುವ ಮೀಟರೇ ತುಕ್ಕಿನ ದಪ್ಪವನ್ನೂ ಅಳೆಯುತ್ತದೆ. 400 ಮೈಕ್ರಾನಿನೊಳಗೆ ಇದ್ದರೆ ನೆಮ್ಮದಿ, 800 ದಾಟಿದರೆ ಕೆಲಸ ಹಿಡಿಯಬೇಕು. ಉಳಿದ ಉಕ್ಕಿನ ದಪ್ಪ ಅಲ್ಟ್ರಾಸೋನಿಕ್ ಮೀಟರಿನಲ್ಲಿ ನೋಡುವ ಮುನ್ನ ಆ ಜಾಗದ ತುಕ್ಕನ್ನು ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ.

ಕೈಮೀರಿದ್ದನ್ನು ಉಳಿಸುವುದು ಹೇಗೆ? ಚಕ್ಕೆಗಳನ್ನು ಕೆರೆದು, ಇಲ್ಲಿ ಮಾತ್ರ ಹೆಚ್ಚಿನ ಒತ್ತಡದ ಸಿಹಿನೀರಿನಿಂದ ತೊಳೆದು, ಒಣಗಿಸಿ ಬ್ಲಾಸ್ಟ್ ಮಾಡಿ. ಮೈ ಬೆಳ್ಳಿಯಂತೆ ಕಂಡೊಡನೆ ಪ್ರೈಮರ್ ಡಬ್ಬ ತೆರೆಯಬೇಡಿ. ಗುಳಿಗಳ ತಳದಲ್ಲಿ ಉಪ್ಪು ಇನ್ನೂ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬ್ರೆಸ್ಲೆ ಪಟ್ಟಿ ಎಂದು ಸಿಗುತ್ತದೆ, ಮೈಗೆ ಅಂಟುವ ಸಣ್ಣ ಚೀಲ, 12.5 ಚದರ ಸೆಂಟಿಮೀಟರಿನದು. ಅದರೊಳಗೆ ಸಿರಿಂಜಿನಿಂದ ಶುದ್ಧೀಕರಿಸಿದ ನೀರು ತುಂಬಿ, ಹೊರಗೆಳೆದು ವಾಹಕತೆ ಅಳೆಯುತ್ತಾರೆ. ಚದರ ಮೀಟರಿಗೆ 50 ಮಿಲಿಗ್ರಾಮಿಗಿಂತ ಕೆಳಗೆ, ಬಿಗಿ ಕೆಲಸಗಳಲ್ಲಿ 20ಕ್ಕಿಂತ ಕೆಳಗೆ ಬರಬೇಕು ಎಂದು ಸಾಮಾನ್ಯವಾಗಿ ಕೇಳುತ್ತಾರೆ. ಪಟ್ಟಿ ಇಲ್ಲದಿದ್ದರೆ ಬ್ಲಾಸ್ಟ್ ಮಾಡಿದ ಒಂದು ಅಡಿ ಜಾಗವನ್ನು ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ನೋಡಿ. ಗುಳಿಗಳಲ್ಲಿ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು ಎದ್ದಿದ್ದರೆ ಅದು ಒಳಗುಳಿದ ಉಪ್ಪು. ಮತ್ತೆ ತೊಳೆಯಿರಿ, ಮತ್ತೆ ಬ್ಲಾಸ್ಟ್ ಮಾಡಿ, ಇನ್ನೊಂದು ರಾತ್ರಿ ಬಿಡಿ. ಚುಕ್ಕೆ ಏಳದ ಬೆಳಿಗ್ಗೆ ಬರುವ ತನಕ ಪೇಂಟರನ್ನು ಕರೆಯಬೇಡಿ. ಅವತ್ತು ಕೂಡ ಮೈಯನ್ನು ಇನ್ನೊಮ್ಮೆ ಹಗುರವಾಗಿ ಬ್ಲಾಸ್ಟ್ ಮಾಡಿದ ಮೇಲೆಯೇ ಪ್ರೈಮರ್.